ರಸೀದಿ ಕೊಡದ ಮನೆ

ಕಳೆದ ತಿಂಗಳು ಒಂದು ಪ್ರಕರಣಕ್ಕಾಗಿ ಹೊನ್ನಾವರದ ಕೋರ್ಟಿಗೆ ಹೋಗಿದ್ದೆ. ಹನ್ನೊಂದೂವರೆಗೆಲ್ಲ ಮುಂದಿನ ತಾರೀಖು ಸಿಕ್ಕಿ ಕೆಲಸ ಮುಗಿಯಿತು. ಕುಮಟೆಗೆ ಮರಳುವ ಮೊದಲು ಊಟ ಮಾಡೋಣವೆಂದು ಬಸ್ ನಿಲ್ದಾಣದ ಹತ್ತಿರದ ಸಣ್ಣ ಹೋಟೆಲಿನಲ್ಲಿ ಕೂತೆ. ಸ್ಟೀಲಿನ ಲೋಟ ಎತ್ತಿ ತುಟಿಯವರೆಗೆ ತಂದವಳು ಹಾಗೇ ಕೆಳಗಿಟ್ಟೆ. ನೀರಿನಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ. ಮಳೆ ಹಿಡಿದ ಮೇಲೆ ಬಾವಿಗಳಿಗೆ ಅದನ್ನು ಹಾಕುವುದು ನಮ್ಮ ಕಡೆ ವಾಡಿಕೆ, ಅದರಲ್ಲಿ ವಿಶೇಷವೇನೂ ಇಲ್ಲ. ಬಡಿಸುವವನು, "ಎಂತ ಮೇಡಂ, ಬಿಸಿನೀರು ಕೊಡ್ಲಾ?" ಎಂದ. ಬೇಡವೆಂದೆ. ಅನ್ನ ಅರ್ಧ ತಟ್ಟೆಯಲ್ಲೇ ಉಳಿಯಿತು.

ಆ ವಾಸನೆ ನನಗೆ ಮಳೆಗಾಲವನ್ನು ನೆನಪಿಸುವುದಿಲ್ಲ. ಒಂದು ಬೇಸಿಗೆಯನ್ನು ನೆನಪಿಸುತ್ತದೆ. ಸಾಂಕ್ರಾಮಿಕದ ಮೊದಲ ವರ್ಷ, ಏಪ್ರಿಲ್ ನಡುವಿನಿಂದ ಜೂನ್ ತಿಂಗಳ ಮೊದಲ ಮಳೆಯವರೆಗೆ, ಆ ಹೋಟೆಲಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಹಿತ್ತಿಲಿನಲ್ಲಿ ನಾನು ಅಂಥ ನೀರನ್ನೇ ಕುಡಿದಿದ್ದೆ, ಅದರಲ್ಲೇ ಚಹಾ ಮಾಡಿದ್ದೆ, ತಲೆ ತೊಳೆದಿದ್ದೆ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಆ ಕಡೆ ಹೋಗುವುದೋ ಬೇಡವೋ ಎಂದು ಕೈ ತೊಳೆಯುವಾಗಲೂ ನಿರ್ಧರಿಸಿರಲಿಲ್ಲ.

ಆಗ ನಾನು ಕಾನೂನು ಪದವಿ ಮುಗಿಸಿ ಹೊನ್ನಾವರದ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಕಲಿಯುತ್ತಿದ್ದೆ. ನನ್ನ ಊರು ಕುಮಟಾ ತಾಲೂಕಿನ ಹಿರೇಗುತ್ತಿ. ದಿನವೂ ಬಸ್ಸಿನಲ್ಲಿ ಬಂದುಹೋಗಬಹುದಾದ ದೂರವೇ. ಆದರೂ ಕೋಣೆ ಹಿಡಿದಿದ್ದೆ. ಕೇಳಿದವರಿಗೆ ಬಸ್ಸಿನ ಸಮಯ ಹೊಂದುವುದಿಲ್ಲ ಎನ್ನುತ್ತಿದ್ದೆ. ನಿಜವೆಂದರೆ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ, ನನ್ನದೇ ಆದ ಒಂದು ಬಾಗಿಲು ಬೇಕಾಗಿತ್ತು.

ಶರಾವತಿಯ ದಂಡೆಯತ್ತ ಇಳಿಯುವ ಓಣಿಯಲ್ಲಿ ಚಿರೆಕಲ್ಲಿನ ಹಳೆಯ ಮನೆ. ಮುಂದುಗಡೆ ಮನೆಯ ಒಡತಿ ಇಂದಿರಕ್ಕ ಮತ್ತು ಅವರ ಗಂಡ ವಾಮನ ಮಾಮ. ಇಬ್ಬರಿಗೂ ಅರವತ್ತು ದಾಟಿತ್ತು. ಮಾಮನಿಗೆ ದಮ್ಮಿನ ಕಾಯಿಲೆ. ಹಗಲೆಲ್ಲ ಜಗಲಿಯ ಕುರ್ಚಿಯಲ್ಲಿ ಕೂತು ಓಣಿಯನ್ನು ನೋಡುತ್ತಿದ್ದರು. ಹಿಂದುಗಡೆ ಅಕ್ಕಪಕ್ಕ ಎರಡು ಬಾಡಿಗೆ ಕೋಣೆ. ಒಂದು ನನ್ನದು, ಇನ್ನೊಂದು ಜ್ಯೋತಿಯದು. ಅವಳು ಭಟ್ಕಳದ ಮೀನುಗಾರರ ಮನೆಯವಳು, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು, ನನಗಿಂತ ಒಂದು ವರ್ಷ ಮೊದಲು ಆ ಮನೆಗೆ ಬಂದಿದ್ದವಳು. ಎರಡೂ ಕೋಣೆಗಳ ಎದುರಿಗೆ ಒಂದೇ ಬಾವಿ, ಬಟ್ಟೆ ಒಣಗಿಸಲು ಒಂದೇ ತಂತಿ. ತಂತಿಯ ಎಡಭಾಗ ಅವಳದು, ಬಲಭಾಗ ನನ್ನದು. ನಮ್ಮ ಸ್ನೇಹ ಸುಮಾರಾಗಿ ಅಷ್ಟೇ ಇತ್ತು. ಅವಳಿಗೆ ನಗಲು ಕಾರಣ ಬೇಡ, ನನಗೆ ಮಾತಾಡಲು ಕಾರಣ ಬೇಕು.

ಆ ಮನೆಗೆ ಬಂದ ಮೊದಲ ತಿಂಗಳು ಬಾಡಿಗೆ ಕೊಟ್ಟು ರಸೀದಿ ಕೇಳಿದ್ದೆ. ಕಲಿತ ಅಭ್ಯಾಸ. ಇಂದಿರಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ತಂಗಿ, ಈ ಮನೆಯಿಂದ ಹೊರಗೆ ಹೋದ ಕಡೇ ರಸೀದಿಗೆ ಎಂಟು ಎಕರೆ ಗದ್ದೆ ಹೋಗ್ಯದೆ. ಗೊತ್ತುಂಟಾ ನಿಂಗೆ?"

ಆಮೇಲೆ ನಿಂತಲ್ಲೇ ಆ ಕತೆ ಹೇಳಿದರು. ಅವರ ಮಾವ ಗೇಣಿ ಅಕ್ಕಿ ಬಂದಾಗಲೆಲ್ಲ ಕ್ಯಾಲೆಂಡರಿನ ಹಿಂಬದಿ ಹರಿದು, "ಇಷ್ಟು ಮುಡಿ ಅಕ್ಕಿ ಮುಟ್ಟಿತು" ಎಂದು ಪೆನ್ಸಿಲಿನಲ್ಲಿ ಬರೆದು ಒಕ್ಕಲಿನವರ ಕೈಗೆ ಕೊಡುತ್ತಿದ್ದರಂತೆ. ಉಳುವವನಿಗೆ ಭೂಮಿ ಎಂಬ ಕಾನೂನು ಬಂದಾಗ ಒಕ್ಕಲಿನವರು ಆ ಚೀಟಿಗಳನ್ನೇ ಭೂನ್ಯಾಯ ಮಂಡಳಿಯ ಮೇಜಿನ ಮೇಲೆ ಇಟ್ಟರಂತೆ. "ಮಾವ ಬರೆದ ಅಕ್ಷರ ಮಾವನನ್ನೇ ತಿಂತು," ಎಂದರು ಇಂದಿರಕ್ಕ. "ಆವತ್ತಿಂದ ಈ ಮನೆಯಲ್ಲಿ ಯಾರೂ ಯಾರಿಗೂ ಎಂತದೂ ಬರೆದು ಕೊಡುದಿಲ್ಲ. ಧೋಬಿಗೂ ಬಾಯಿಮಾತೇ."

ಹಿರೇಗುತ್ತಿಯ ನಮ್ಮ ಮನೆಯಲ್ಲಿ, ದೇವರ ಗೂಡಿನ ಕೆಳಗಿನ ತಗಡಿನ ಡಬ್ಬಿಯಲ್ಲಿ, ಅಂಥವೇ ಚೀಟಿಗಳು ಇವೆ. ಬೇರೆ ಊರು, ಬೇರೆ ಒಡೆಯರು, ಅದೇ ಪೆನ್ಸಿಲು. ನನ್ನ ಅಜ್ಜನಿಗೆ ಓದಲು ಬರುತ್ತಿರಲಿಲ್ಲ. ಆದರೂ ಒಂದನ್ನೂ ಕಳೆದಿರಲಿಲ್ಲ. ಆ ಚೀಟಿಗಳಿಂದ ನಮಗೆ ಗದ್ದೆಯಾಯಿತು, ಗದ್ದೆಯಿಂದ ಅಪ್ಪ ಓದಿದರು, ಅಪ್ಪ ಓದಿದ್ದರಿಂದ ನಾನು. ಇದನ್ನೆಲ್ಲ ಮನೆಯೊಡತಿಗೆ ಹೇಳುವ ಅಗತ್ಯ ಕಾಣಲಿಲ್ಲ. ಮತ್ತೆ ರಸೀದಿ ಕೇಳಲಿಲ್ಲ.

ಮಾರ್ಚ್ ಕೊನೆಯ ವಾರ ಎಲ್ಲ ಮುಚ್ಚಿತು. ಕೋರ್ಟು, ಬಸ್ಸು, ಬಂದರು, ನಮ್ಮ ಕಚೇರಿ. ಊರಿಗೆ ಹೋಗಬಹುದಿತ್ತು, ಅಪ್ಪ ಪಾಸು ಮಾಡಿಸುತ್ತೇನೆಂದರು. ನಾನು ಹೋಗಲಿಲ್ಲ. ಒಮ್ಮೆ ಹೋದರೆ ಕೋಣೆ ಕೈಬಿಡುತ್ತದೆ ಎಂಬ ಅಂಜಿಕೆ. ಅಷ್ಟರಲ್ಲಿ ನಮ್ಮ ಹಿರಿಯ ವಕೀಲರಿಗೆ ಒಂದು ಯೋಚನೆ ಬಂತು. ಮನೆ, ಕೆಲಸ, ಕರಾರು, ಈ ಮೂರು ವಿಷಯಗಳಲ್ಲಿ ಜನರಿಗೆ ಬರುವ ಪ್ರಶ್ನೆಗಳಿಗೆ ಬೆಳಗ್ಗೆ ಹತ್ತರಿಂದ ಒಂದರವರೆಗೆ ಫೋನಿನಲ್ಲಿ ಉಚಿತವಾಗಿ ಉತ್ತರಿಸುವುದು. ಉತ್ತರಿಸುವವಳು ನಾನು. "ಹೆಸರು ಹೇಳಬೇಕಾಗಿಲ್ಲ, ವಕೀಲರ ಕಚೇರಿ ಅಂದ್ರೆ ಸಾಕು," ಎಂದರು ಸರ್. ನನಗೆ ಆ ಕೆಲಸ ಹಿಡಿಸಿದ್ದೇ ಆ ಮಾತಿನಿಂದ.

ಭಟ್ಕಳದಿಂದ, ಗೇರುಸೊಪ್ಪದ ಕಡೆಯಿಂದ, ಕುಮಟೆಯಿಂದ ಕರೆಗಳು ಬಂದವು. ಭಟ್ಕಳದ ಬಟ್ಟೆ ಅಂಗಡಿಯ ಕೆಲಸಗಾರನೊಬ್ಬ ಕೇಳಿದ:

"ಮೇಡಂ, ಇನ್ನು ಬರುದು ಬೇಡ ಅಂತ ಮಾಲೀಕರ ಮಗ ಫೋನ್ ಮಾಡಿದ. ಫೋನಿನಲ್ಲಿ ಕೆಲಸದಿಂದ ತೆಗೀಬಹುದಾ?"

"ನಿಮ್ಮನ್ನು ಸೇರಿಸಿಕೊಂಡದ್ದು ಹೇಗೆ?"

"ಅದೂ ಫೋನಿನಲ್ಲೇ ಮೇಡಂ."

ಗೇರುಮರಗಳನ್ನು ಆ ಬೇಸಿಗೆಗೆಂದು ಗುತ್ತಿಗೆ ಹಿಡಿದಿದ್ದ ಒಬ್ಬರು, ಪೊಲೀಸರು ಗುಡ್ಡಕ್ಕೆ ಹೋಗಲು ಬಿಡದಿರುವಾಗ ಗುತ್ತಿಗೆ ಏನಾಗುತ್ತದೆ ಎಂದು ವಿಚಾರಿಸಿದರು. ಯಾರ ತಪ್ಪೂ ಇಲ್ಲದೆ ಕರಾರು ನಡೆಸಲು ಅಸಾಧ್ಯವಾದಾಗ ಕಾನೂನು ಏನೆನ್ನುತ್ತದೆ ಎಂದು ನಾನು ನಿಧಾನವಾಗಿ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಆತು ತಂಗಿ. ಗೇರುಹಣ್ಣಿಗೆ ಯಾರು ಹೇಳುದು? ಅದು ದಿನಾ ಉದುರ್ತೇ ಅದೆ," ಎಂದರು.

ಹೊನ್ನಾವರದ ಪಕ್ಕದ ಕಾಸರಕೋಡು ಬಂದರಿನಿಂದ ಮಂಜುನಾಥ ಎಂಬ ಬೋಟಿನ ಖಲಾಸಿಯ ಕರೆ ಬಂತು. ಬೋಟು ನಿಂತಿದೆ, ಮನೆಗೆ ಹೋಗುತ್ತೇನೆಂದರೆ ಒಡೆಯರು ಒಪ್ಪುತ್ತಿಲ್ಲ, ಮೇ ಮುಗಿಯುವವರೆಗೆ ಇರುವ ಮಾತಾಗಿದೆ ಎನ್ನುತ್ತಾರೆ.

"ಬರವಣಿಗೆಯಲ್ಲಿ ಏನಾದರೂ ಇದೆಯೇ?" ಎಂದೆ.

"ಎಂತ ಬರವಣಿಗೆ ಮೇಡಂ? ಬೋಟಿನ ಪೂಜೆ ದಿವ್ಸ ಕಾಯಿ ಒಡೆವಾಗ ಹತ್ರ ನಿಂತ್ರೆ ಆ ವರ್ಷ ಆ ಬೋಟಿನವ ಅಂತ ಲೆಕ್ಕ. ನಾ ನಿಂತಿದ್ದೆ."

"ನೀವು ನಿಂತದ್ದನ್ನು ನೋಡಿದವರು?"

"ಇಡೀ ಬಂದರು ನೋಡ್ಯದೆ."

ಬಾಯಿಮಾತಿನ ಕರಾರೂ ಕರಾರೇ, ಆದರೆ ಬೋಟು ನಡೆಯದಿರುವಾಗ ನಿಮ್ಮನ್ನು ಹಿಡಿದಿಡುವಂತಿಲ್ಲ, ಬಂದರಿನ ಸಂಘದವರ ಎದುರು ಒಮ್ಮೆ ಮಾತಾಡಿ ಎಂದೆ. ಆತ ಮಾತಾಡಿದ, ಎರಡು ದಿನಕ್ಕೆ ಊರಿಗೂ ಹೋದ. ಅವನ ಊರು ನದಿಯಾಚೆ ಅಷ್ಟೇ. ಆಮೇಲೆ ಒಮ್ಮೆ ಫೋನ್ ಮಾಡಿ, "ಮೇಡಂ, ನಿಮಗೆಂತ ಬೇಕಾದ್ರೂ ಹೇಳಿ, ಮೀನು ಬಿಟ್ಟು. ಮೀನು ಸದ್ಯಕ್ಕಿಲ್ಲ," ಎಂದು ನಕ್ಕ.

ಇದೇ ಮಾತನ್ನು ಎಲ್ಲರಿಗೂ ಹೇಳುತ್ತಿದ್ದೆ. ಕಾಗದ ಇಲ್ಲವೇ? ಹಾಗಾದರೆ ಸಾಕ್ಷಿ ಬೇಕು. ನೋಡಿದವರು ಒಬ್ಬರಾದರೂ ಬಂದು ಹೇಳಬೇಕು. ಹೇಳಿ ಹೇಳಿ ಆ ವಾಕ್ಯ ನನ್ನ ಬಾಯಲ್ಲಿ ನುಣುಪಾಗಿತ್ತು.

ಏಪ್ರಿಲ್ ನಡುವಿನಲ್ಲಿ ಜ್ಯೋತಿಯನ್ನು ಜ್ವರದ ವಾರ್ಡಿನ ಡ್ಯೂಟಿಗೆ ಹಾಕಿದರು. ಆ ಸುದ್ದಿ ಇಂದಿರಕ್ಕನಿಗೆ ಮುಟ್ಟಿದ ದಿನ ಅವರು, ಪಟ್ಟಣ ಪಂಚಾಯಿತಿಯವರು ಚರಂಡಿಗೆಂದು ಕೊಟ್ಟುಹೋಗಿದ್ದ ಬ್ಲೀಚಿಂಗ್ ಪೌಡರಿನ ಪೊಟ್ಟಣವನ್ನು ಇಡಿಯಾಗಿ ಬಾವಿಗೆ ಸುರಿದರು. ಬೆಳಗ್ಗೆ ನೀರು ಸೇದಿದರೆ ಕಣ್ಣು ಉರಿಯಿತು.

"ಇಂದಿರಕ್ಕ, ರೋಗ ಬಾವಿಯಿಂದ ಬರುದಿಲ್ಲ," ಎಂದಳು ಜ್ಯೋತಿ, ದೂರ ನಿಂತೇ. "ಇನ್ನೊಂದು ವಾರಕ್ಕೆ ನಾವೆಲ್ಲ ಬೆಳ್ಳಗಾಗ್ತೇವೆ ನೋಡಿ. ಸ್ನೋ ಪೌಡರ್ ಖರ್ಚು ಉಳೀತು."

ಇಂದಿರಕ್ಕ ನಗಲಿಲ್ಲ. "ನೀನು ಮನೆಗೆ ಹೋಗು ತಂಗಿ. ನಾಲ್ಕು ದಿವ್ಸದಲ್ಲಿ ಕೋಣೆ ಬಿಡು."

"ಎಲ್ಲಿಗೆ ಹೋಗುದು? ಭಟ್ಕಳ ಪೂರ್ತಿ ಬಂದ್. ನನ್ನ ಅಮ್ಮನೇ ಅಂಗಳ ದಾಟುವ ಹಾಗಿಲ್ಲ. ಆಸ್ಪತ್ರೆ ಕ್ವಾರ್ಟರ್ಸೂ ತುಂಬ್ಯದೆ."

"ಅದು ನಂಗೆ ಗೊತ್ತಿಲ್ಲ. ಇವರಿಗೆ ಒಂದು ಕೆಮ್ಮು ಹೆಚ್ಚಾದ್ರೆ ನಾನು ಯಾರನ್ನು ಕರೀಲಿ?"

ಜಗಲಿಯಿಂದ ವಾಮನ ಮಾಮ ಕೆಮ್ಮಿದರು. ಅದು ಅವರ ದಿನದ ಕೆಮ್ಮೇ. ಆದರೂ ಮೂವರೂ ಆ ಕಡೆ ತಿರುಗಿದೆವು. ಇಂದಿರಕ್ಕನ ಮುಖದಲ್ಲಿ ನಾನು ಕಂಡದ್ದು ಬರೀ ಹೆದರಿಕೆ. ಕೆಟ್ಟ ಹೆಂಗಸು ಎಂದು ಅವರನ್ನು ಆಗಲೂ ಎಣಿಸಲಿಲ್ಲ, ಈಗಲೂ ಎಣಿಸುವುದಿಲ್ಲ.

ಅದೇ ಮಧ್ಯಾಹ್ನ ಅವರು ನನ್ನ ಬಾಗಿಲಿಗೆ ಬಂದರು. "ವಕೀಲರೇ," ಎಂದು ಶುರುಮಾಡಿದರು. ಏನಾದರೂ ಬೇಕಾದಾಗ ನಾನು ತಂಗಿಯಿಂದ ವಕೀಲರಾಗುತ್ತಿದ್ದೆ. "ಊರಿಗೆಲ್ಲ ಹೇಳ್ತೆಯಲ್ಲ ಫೋನಿನಲ್ಲಿ. ನಂಗೂ ಹೇಳು. ಅವಳನ್ನು ಬಿಡಿಸುದು ಹೇಗೆ?"

ನಾನು ಅವರಿಗೂ ಬೇರೆಯವರಿಗೆ ಹೇಳಿದಂತೆಯೇ ಹೇಳಿದೆ. ತಿಂಗಳ ಬಾಡಿಗೆಗೆ ಇರುವವರನ್ನು ಬಿಡಿಸಲೂ ಹದಿನೈದು ದಿನ ಮೊದಲು ಲಿಖಿತ ನೋಟಿಸು ಕೊಡಬೇಕು. ಇಂಥ ಕಾಲದಲ್ಲಂತೂ ಆಸ್ಪತ್ರೆಯ ಕೆಲಸದವರನ್ನು ಅವರ ಕೆಲಸದ ಕಾರಣಕ್ಕೆ ಮನೆಯಿಂದ ಹೊರಹಾಕಬಾರದೆಂದು ಸರ್ಕಾರವೇ ಹೇಳಿದೆ.

"ನೋಟಿಸು ಅಂದ್ರೆ ಬರೀಬೇಕಾ?"

"ಹೌದು."

"ಬರೆದ್ರೆ ಅವಳು ಬಾಡಿಗೆಯವಳು ಅಂತ ನಾನೇ ಒಪ್ಪಿದ ಹಾಗೆ ಆತಲ್ಲ!" ಅವರು ನನ್ನನ್ನು ಗೆದ್ದವರಂತೆ ನೋಡಿದರು. "ಬಾಡಿಗೆಯವಳು ಅಂತ ಯಾರು ಹೇಳಿದ್ದು? ರಸೀದಿ ಅದೆಯಾ? ಕಾಗದ ಅದೆಯಾ? ನೆಂಟರ ಪೈಕಿ ಹುಡುಗಿ ಬಂದಿತ್ತು, ಹೋತು. ಅಷ್ಟೇ." ಹೊರಡುವಾಗ ಹೊಸ್ತಿಲಲ್ಲಿ ನಿಂತು, ದನಿ ತಗ್ಗಿಸಿ, "ನೀನೂ ನೆಂಟರ ಪೈಕಿಯೇ. ತಿಳೀತಾ?" ಎಂದರು.

ತಿಳಿಯಿತು.

ಮರುದಿನದಿಂದ ಬಾವಿಯ ಹಗ್ಗ ಮನೆಯೊಳಗೆ ಹೋಯಿತು. ಬಾಗಿಲು ಮುಚ್ಚಲಿಲ್ಲ, ನೀರು ಇಲ್ಲವೆನ್ನಲಿಲ್ಲ. ತೆಂಗಿನ ನಾರಿನ ಕತ್ತದ ಹಗ್ಗವನ್ನೂ ಕೊಡಪಾನವನ್ನೂ ಒಳಗೆ ಇಟ್ಟುಕೊಂಡರು, ಅಷ್ಟೇ. ಬೆಳಗ್ಗೆ ಏಳಕ್ಕೆ ನನಗೆ ಮಾತ್ರ ಕೊಡುತ್ತಿದ್ದರು, ಅರ್ಧ ಗಂಟೆಗೆ. ರಾಟೆ ಖಾಲಿ ನಿಂತು ಗಾಳಿಗೆ ಕಿರುಗುಟ್ಟುತ್ತಿತ್ತು. ಜ್ಯೋತಿ ವಾರ್ಡಿನಿಂದ ಬಂದವಳು ಒಳಗೆ ಕಾಲಿಡುವ ಮೊದಲು ಮೀಯಬೇಕು, ಬಟ್ಟೆ ನೆನೆಹಾಕಬೇಕು. ನಾನು ನನ್ನ ಅರ್ಧ ಗಂಟೆಯಲ್ಲಿ ಎರಡು ಬಾಲ್ದಿ ಹೆಚ್ಚು ಸೇದಿ, ಅವಳ ಬಚ್ಚಲಿನ ಒಳಗೆ, ಬಾಗಿಲ ಮರೆಗೆ ಇಡುತ್ತಿದ್ದೆ. ಯಾರಿಗೂ ಹೇಳಲಿಲ್ಲ, ಅವಳಿಗೂ. ಅವಳೂ ಕೇಳಲಿಲ್ಲ, ಖಾಲಿ ಬಾಲ್ದಿಗಳನ್ನು ತೊಳೆದು ನನ್ನ ಮೆಟ್ಟಿಲಿನ ಮೇಲೆ ಬೋರಲು ಹಾಕಿರುತ್ತಿದ್ದಳು. ನಾನು ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಈಗ ಯೋಚಿಸಿದರೆ, ಯಾರಿಗೂ ಕಾಣದಂತೆ ಮಾಡಬಹುದಾದ ಕೆಲಸವಾದ್ದರಿಂದಲೇ ಅದನ್ನು ಮಾಡಿದೆ ಅನ್ನಿಸುತ್ತದೆ.

ಐದನೆಯ ದಿನ ಅವಳು ಹಗಲು ಡ್ಯೂಟಿಗೆ ಹೋದಾಗ ಇಂದಿರಕ್ಕ ಅವಳ ಬೀಗದ ಮೇಲೆ ಇನ್ನೊಂದು ಬೀಗ ಹಾಕಿದರು. ಹಿತ್ತಾಳೆಯ ದೊಡ್ಡ ಬೀಗ, ಹಿಂದೆ ಅವರ ಭತ್ತದ ಕಣಜಕ್ಕೆ ಹಾಕುತ್ತಿದ್ದದ್ದಂತೆ. ಸಂಜೆ ಐದಕ್ಕೆ ಜ್ಯೋತಿ ಬಂದು ಅದರೆದುರು ನಿಂತಳು. ಕೈಯಲ್ಲಿ ಊಟದ ಡಬ್ಬಿ. ಮುಖಗವಸಿನ ಗುರುತು ಕೆನ್ನೆಯಲ್ಲಿ ಗೆರೆಯಾಗಿ ಕೂತಿತ್ತು. ಕೂಗಲಿಲ್ಲ, ಬಾಗಿಲು ಬಡಿಯಲಿಲ್ಲ. ನನ್ನ ಕಿಟಕಿಯ ಹತ್ತಿರ ಬಂದು, ಆರಡಿ ದೂರದಲ್ಲಿ ನಿಂತು ಹೇಳಿದಳು:

"ಪಂಚಾಯಿತಿಯ ಗುಮಾಸ್ತರಿಗೆ ಫೋನ್ ಮಾಡಿದ್ದೆ ಮಾರಾಯ್ತಿ. ಅವರು ಬಂದು ತೆಗೆಸ್ತಾರಂತೆ. ಆದ್ರೆ ನಾನು ಇಲ್ಲಿ ಬಾಡಿಗೆಗೆ ಇದ್ದವಳು ಹೇಳಿ ಒಂದು ಬರವಣಿಗೆ ಬೇಕಂತೆ. ಇಂದಿರಕ್ಕ ಕೊಡುದಿಲ್ಲ. ಅಕ್ಕಪಕ್ಕದವರು ಒಬ್ರು ಬರೆದುಕೊಟ್ರೂ ಸಾಕಂತೆ. ನೀ ಬರೆದು ಕೊಡ್ತೆಯಾ?"

"ಕೊಡ್ತೇನೆ," ಎಂದೆ. "ಸರಿಯಾಗಿ ಬರೆಯಬೇಕು. ನಾಳೆ ಕೊಡ್ತೇನೆ."

ಅವಳು ತಲೆಯಾಡಿಸಿ ಆಸ್ಪತ್ರೆಗೆ ವಾಪಸು ನಡೆದಳು. ಅಲ್ಲಿನ ಸಾಮಾನಿನ ಕೋಣೆಯಲ್ಲಿ ಒಂದು ಚಾಪೆಗೆ ಜಾಗವಿತ್ತಂತೆ.

ನಾನು ಬರೆದೆ. "ಕೆಳಗೆ ಸಹಿ ಮಾಡಿರುವ ನಾನು" ಎಂದು ಶುರುಮಾಡಿ, ಒಂದು ಪುಟ. ಮರುದಿನ ಓದಿದಾಗ ಎರಡು ಕಡೆ ಸಡಿಲ ಕಂಡಿತು. ತಿದ್ದಿ ಮತ್ತೆ ಬರೆದೆ. ಮೂರನೆಯ ದಿನ ಸರ್‌ಗೆ ಫೋನ್ ಮಾಡಿ, ಇದು ಫೋನಿಗೆ ಬಂದ ಯಾರದೋ ಪ್ರಶ್ನೆ ಎಂಬಂತೆ ಕೇಳಿದೆ. ಅವರು ಎಲ್ಲ ಕೇಳಿ, "ಕಾನೂನು ಸ್ಪಷ್ಟವಾಗಿದೆಯಲ್ಲ. ಸಾಕ್ಷಿ ಹೇಳುವವರು ಇದ್ದಾರೋ?" ಎಂದರು. "ಇದ್ದಾರೆ," ಎಂದೆ. "ಹಾಗಾದರೆ ತಡ ಯಾಕೆ?" ಎಂದರು. ಗೇರು ಗುತ್ತಿಗೆಯ ವಿಷಯ ತೆಗೆದು ಮಾತು ತಿರುಗಿಸಿದೆ. ಮೂರನೆಯ ಪ್ರತಿಯಲ್ಲಿ ಒಂದು ತಪ್ಪೂ ಇರಲಿಲ್ಲ. ಸಹಿಯೊಂದು ಇರಲಿಲ್ಲ. ಪೆನ್ನು ಹಿಡಿದಾಗಲೆಲ್ಲ ಪಕ್ಕದ ಬಾಗಿಲಿನ ಹಿತ್ತಾಳೆ ಬೀಗ ಕಣ್ಣೆದುರು ಬರುತ್ತಿತ್ತು, ಮತ್ತು ನನ್ನ ಬಾಗಿಲಿಗೂ ಅಂಥದೊಂದು ಹಿಡಿಯುತ್ತದೆ ಎಂದು ಅನ್ನಿಸುತ್ತಿತ್ತು. ಕೋಣೆಯೊಳಗೆ ಆರು ಹೆಜ್ಜೆ ಆ ಕಡೆ, ಆರು ಹೆಜ್ಜೆ ಈ ಕಡೆ ನಡೆಯುತ್ತಿದ್ದೆ. ಹತ್ತು ಗಂಟೆಗೆ ಫೋನು ಬಂದರೆ ಅದೇ ನುಣುಪು ದನಿಯಲ್ಲಿ, "ನೋಡಿದವರು ಒಬ್ಬರಾದರೂ ಬಂದು ಹೇಳಬೇಕು," ಎನ್ನುತ್ತಿದ್ದೆ. ಹೀಗೆ ನಾಲ್ಕು ದಿನ.

ಐದನೆಯ ಬೆಳಗ್ಗೆ ಪಂಚಾಯಿತಿಯ ಗುಮಾಸ್ತರೇ ಬಂದರು, ಮನೆಮನೆಯ ಪಟ್ಟಿ ಮಾಡುತ್ತ, ಜೊತೆಗೆ ಒಬ್ಬ ಆಶಾ ಕಾರ್ಯಕರ್ತೆ. ನಾನು ಬಾವಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದೆ. ಇಂದಿರಕ್ಕ ಅವರನ್ನು ಹಿತ್ತಿಲ ತನಕ ತಾವೇ ಕರೆದುಕೊಂಡು ಬಂದರು.

"ಈ ಬೀಗದ ಕೋಣೆ?" ಎಂದರು ಗುಮಾಸ್ತರು.

"ಸಾಮಾನಿನ ಕೋಣೆ. ಯಾರೂ ಇಲ್ಲ."

"ಇವರು?"

"ನಮ್ಮ ನೆಂಟರ ಪೈಕಿ."

ಗುಮಾಸ್ತರು ರಿಜಿಸ್ಟರಿನಿಂದ ತಲೆ ಎತ್ತಿ ನನ್ನನ್ನು ನೋಡಿದರು. "ಹೌದಾ ಮೇಡಂ? ನೀವು ಇವರ ನೆಂಟರಾ?"

ಧೈರ್ಯ ಬಂದಿತ್ತೆಂದು ಹೇಳಲಾರೆ. ಅಷ್ಟು ನೇರವಾದ ಪ್ರಶ್ನೆಗೆ ಸುಳ್ಳು ಉತ್ತರ ಕೊಡಲು ನಾಲಿಗೆ ಏಳಲಿಲ್ಲ, ಅಷ್ಟೇ. "ಅಲ್ಲ," ಎಂದೆ. "ನಾನು ಬಾಡಿಗೆಗೆ ಇದ್ದೇನೆ. ಈ ಕೋಣೆಯಲ್ಲಿ ಇರುವವರೂ ಬಾಡಿಗೆಯವರೇ. ಹೆಸರು ಜ್ಯೋತಿ, ಆಸ್ಪತ್ರೆಯಲ್ಲಿ ನರ್ಸು. ನನಗಿಂತ ಒಂದು ವರ್ಷ ಮೊದಲಿನಿಂದ ಇಲ್ಲಿದ್ದಾರೆ. ಸಾಮಾನೆಲ್ಲ ಒಳಗಿದೆ. ನಾಲ್ಕು ದಿನದಿಂದ ಒಳಗೆ ಹೋಗಲು ಆಗಿಲ್ಲ."

"ಬರೆದುಕೊಡ್ತೀರಾ?"

ಒಳಗೆ ಹೋಗಿ ಮೂರನೆಯ ಪ್ರತಿ ತಂದೆ. ಅವರ ರಿಜಿಸ್ಟರಿನ ಮೇಲಿಟ್ಟು ಸಹಿ ಮಾಡಿದೆ. ಕೆಳಗೆ ಪೂರ್ತಿ ಹೆಸರು, ತಂದೆಯ ಹೆಸರು, ಊರು ಹಿರೇಗುತ್ತಿ, ಸದ್ಯದ ವಿಳಾಸ ಇದೇ ಮನೆ. ಗುಮಾಸ್ತರು ತಾರೀಖು ನೋಡಿ, "ಇದು ನಾಲ್ಕು ದಿನದ ಹಿಂದಿನದ್ದಲ್ವಾ ಮೇಡಂ?" ಎಂದರು. ಮೊದಲ ಪ್ರತಿಯ ತಾರೀಖನ್ನೇ ಇಳಿಸಿಕೊಂಡಿದ್ದೆ. ಹೊಡೆದುಹಾಕಿ ಆ ದಿನದ್ದು ಬರೆದೆ.

ಇಂದಿರಕ್ಕ ಆ ಕಾಗದವನ್ನೇ ನೋಡುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

ಬೀಗ ಸಂಜೆಯೊಳಗೆ ಬಿಚ್ಚಿತು. ಜ್ಯೋತಿ ಬಂದಳು. ಆದರೆ ಮರುದಿನ ಏಳು ಗಂಟೆಗೆ ನನಗೂ ಹಗ್ಗ ಬರಲಿಲ್ಲ. ಕೇಳಿದರೆ, "ಹಗ್ಗ ನಮ್ಮ ಮನೆದು. ಬಾಡಿಗೆಯವರಿಗೆ ಹಗ್ಗ ಕೊಡ್ಬೇಕು ಹೇಳಿ ಯಾವ ಕಾಗದದಲ್ಲಿ ಅದೆ?" ಎಂದು ಒಳಗಿನಿಂದಲೇ ಉತ್ತರ. ಯಾವ ಕಾಗದದಲ್ಲೂ ಇರಲಿಲ್ಲ. ಅಂಗಡಿಗಳು ಮುಚ್ಚಿದ್ದವು. ಆಗ ಮಂಜುನಾಥನ ನೆನಪಾಯಿತು.

"ಹಗ್ಗವಾ ಮೇಡಂ?" ಎಂದ. "ಎಷ್ಟುದ್ದ? ಬೋಟು ಕಟ್ಟುದಾ, ಬಾವಿಗಾ?" ಆಮೇಲೆ ಕೇಳಿದ: "ಯಾರ ಮನೆ ಅಂತ ವಿಚಾರಿಸುದು? ನಿಮ್ಮ ಹೆಸರು ನಂಗೆ ಗೊತ್ತೇ ಇಲ್ಲ."

ಆ ಬೇಸಿಗೆಯಲ್ಲಿ ಫೋನಿನಲ್ಲಿ ಹೆಸರು ಹೇಳಿದ್ದು ಅದೊಂದೇ ಸಲ. ಆತ ಬೈಕಿನಲ್ಲಿ ಬಂದು, ಹೊಸ ಸುರುಳಿಯಿಂದ ಕತ್ತರಿಸಿದ ನೀಲಿ ನೈಲಾನ್ ಹಗ್ಗವನ್ನು ಗೇಟಿಗೆ ಸಿಕ್ಕಿಸಿ, ದೂರದಿಂದ ಕೈಬೀಸಿ ಹೋದ. ಗಂಟು ಹಾಕಿದವಳು ಜ್ಯೋತಿ. ಬಾಲ್ದಿಯ ಹಿಡಿಗೆ ಎರಡು ಸುತ್ತು ತಂದು, ಒಳಗೆ ತೂರಿಸಿ ಎಳೆದಳು. "ಇದು ನಮ್ಮಪ್ಪ ಲಂಗರಿಗೆ ಹಾಕುವ ಗಂಟು. ಇಂದಿರಕ್ಕ ಏನು ಮಾಡಿದ್ರೂ ಬಿಚ್ಚುದಿಲ್ಲ."

ಇಬ್ಬರೂ ಸೇರಿ ಸೇದಿದೆವು. ಹೊಸ ಹಗ್ಗ ಅಂಗೈ ಉಜ್ಜುತ್ತಿತ್ತು. ಎರಡನೆಯ ಬಾಲ್ದಿ ಮೇಲೆ ಬರುವಾಗ ಅವಳು ನನ್ನ ಕಡೆ ನೋಡದೆ ಕೇಳಿದಳು:

"ಆವತ್ತೇ ಕೊಡ್ಲಿಕ್ಕೆ ಎಂತ ಅಡ್ಡಿ ಇತ್ತು?"

"ಹೆದರಿಕೆ," ಎಂದೆ.

"ನಂಗೂ ಇತ್ತು," ಎಂದಳು. "ದಿನಾ. ಆ ವಾರ್ಡಿನ ಬಾಗಿಲಲ್ಲಿ." ಬಾಲ್ದಿಯನ್ನು ಕಟ್ಟೆಯ ಮೇಲಿಟ್ಟು ತನ್ನ ಪಾಲು ಒಯ್ದಳು.

ಅಷ್ಟೇ. ಜಗಳವಾಗಲಿಲ್ಲ. ಜೂನಿನಲ್ಲಿ ಮಳೆ ಬಂತು, ಬಾವಿ ತುಂಬಿ ವಾಸನೆ ಹೋಯಿತು. ಇಂದಿರಕ್ಕ ನಮ್ಮೊಂದಿಗೆ ಮಾತು ಬಿಟ್ಟರು, ಕೋಣೆ ಬಿಡಿಸಲಿಲ್ಲ. ಮುಂದಿನ ವರ್ಷ ಜ್ಯೋತಿಗೆ ಬೇರೆ ಊರಿಗೆ ವರ್ಗವಾಯಿತು, ನಾನು ಕುಮಟೆಯಲ್ಲಿ ಕಚೇರಿ ಸೇರಿದೆ. ಹಬ್ಬಕ್ಕೆ ಒಬ್ಬರಿಗೊಬ್ಬರು ಶುಭಾಶಯ ಕಳಿಸುತ್ತೇವೆ. ನಾಲ್ಕು ದಿನದ ಮಾತನ್ನು ಅವಳು ಮತ್ತೆ ಎತ್ತಿಲ್ಲ. ನಾನೇ ಎತ್ತುತ್ತಿರುತ್ತೇನೆ, ಒಬ್ಬಳೇ ಇರುವಾಗ. ಸಾಕ್ಷಿ ಹೇಳಲು ಹಿಂಜರಿಯುವವರನ್ನು ಕೋರ್ಟಿನ ಮೊಗಸಾಲೆಯಲ್ಲಿ ಕಂಡಾಗ ನನ್ನ ಕಾಲುಗಳು ತಾವಾಗಿ ಆರು ಹೆಜ್ಜೆ ಎಣಿಸುತ್ತವೆ.

ಕಳೆದ ತಿಂಗಳು ಕೊನೆಗೂ ಆ ಓಣಿಗೆ ಹೋದೆ. ಜಗಲಿಯ ಕುರ್ಚಿಯಲ್ಲಿ ವಾಮನ ಮಾಮ ಇದ್ದರು. "ಯಾರು?" ಎಂದರು. ಒಳಗಿನಿಂದ ಇಂದಿರಕ್ಕ ಇಣುಕಿ, "ವಕೀಲ್ತಿ," ಎಂದರು, ನಿನ್ನೆ ತಾನೇ ಹೋದವಳನ್ನು ಗುರುತಿಸಿದಷ್ಟು ಸಲೀಸಾಗಿ. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನಾನು ಅವರ ಹಿಂದೆ ಹಿತ್ತಿಲಿಗೆ ನಡೆದೆ.

ತಂತಿಯ ಮೇಲೆ ಯಾರವೋ ಚೂಡಿದಾರಗಳು ಒಣಗುತ್ತಿದ್ದವು. ರಾಟೆಯ ಮೇಲೆ ನೀಲಿ ಹಗ್ಗ. ಬಿಸಿಲಿಗೆ ಬಣ್ಣ ಮಾಸಿತ್ತು, ಗಂಟು ಹಾಗೇ ಇತ್ತು.

"ಕತ್ತದ್ದು ವರ್ಷಕ್ಕೆ ಎರಡು ಬೇಕು," ಎಂದರು ಇಂದಿರಕ್ಕ, ಯಾರೋ ಆಕ್ಷೇಪಿಸಿದ್ದಾರೆ ಎಂಬಂತೆ. "ಇದು ಹಾಳಾಗುದೇ ಇಲ್ಲ." ಸೇದಿ ಒಂದು ಲೋಟ ನೀರು ಕೊಟ್ಟರು. ಬ್ಲೀಚಿಂಗ್ ಪೌಡರಿನ ವಾಸನೆ ತೆಳ್ಳಗಿತ್ತು. ಕುಡಿದೆ.

"ನೀನು ಹಿರೇಗುತ್ತಿಯವಳು, ಗೇಣಿ ಒಕ್ಕಲಿನ ಮನೆಯವಳು ಅಂತ ಮೊದಲ ತಿಂಗಳೇ ಗೊತ್ತಾಗಿತ್ತು ನಂಗೆ," ಎಂದರು ಆಮೇಲೆ. "ನೀ ಹೇಳ್ದಿದ್ರೆ ಗೊತ್ತಾಗುದಿಲ್ಲ ಅಂತ ಎಣಿಸಿದ್ಯಾ? ರಸೀದಿ ಕೇಳಿದ್ಯಲ್ಲ, ಅದು ಸಾಕಾತು."

ಹೊಸ ಬಾಡಿಗೆಯವರಿಗೆ ರಸೀದಿ ಕೊಡುತ್ತೀರಾ ಎಂದು ಕೇಳಿದೆ.

"ಯಾವ ಬಾಡಿಗೆಯವರು? ನೆಂಟರು," ಎಂದರು, ಮುಖ ಬದಲಿಸದೆ. "ಹಗ್ಗ ಮಾತ್ರ ನಿಂದು. ಬೇಕಾದ್ರೆ ಬಿಚ್ಚಿಕೊಂಡು ಹೋಗು."

"ಇರಲಿ. ಬಾವಿಗೇ ಇರಲಿ."

"ಹಾಗಾದ್ರೆ ಬರೆದು ಕೊಟ್ಟು ಹೋಗು. ನಾಳೆ ನೀನು ಸಾಕ್ಷಿ ಕರ್ಕೊಂಡು ಬಂದು ನಂದು ಅಂದ್ರೆ?"

ಅವರು ನಗುತ್ತಿರಲಿಲ್ಲ. ನಾನು ಚೀಲದಿಂದ ಡೈರಿ ತೆಗೆದು ಒಂದು ಹಾಳೆ ಹರಿದೆ. ಈ ಹಗ್ಗ ಈ ಬಾವಿಯದು ಎಂದು ಬರೆದು, ಹೆಸರು, ಊರು, ಆ ದಿನದ ತಾರೀಖು ಹಾಕಿ ಸಹಿ ಮಾಡಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಇಂದಿರಕ್ಕ ಅದನ್ನು ದೂರ ಹಿಡಿದು ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು.